ಮಸ್ಕಿಯ ಮನೆಗೆ ಬಂದ ಬಕ್ತರ್

ಕಳೆದ ಭಾನುವಾರ ಮಧ್ಯಾಹ್ನ ಲಿಂಗಸುಗೂರಿನ ನಮ್ಮ ಮನೆಯಲ್ಲಿ ನಾನು ಹಸಿಖಾರ ಕುಟ್ಟುತ್ತ ಕುಳಿತಿದ್ದಾಗ ಪಡಸಾಲೆಯಿಂದ "ಖಣ್" ಎಂಬ ಸದ್ದು ಬಂತು. ಗಂಗಾಳ ಬಿದ್ದಿರಬೇಕು ಎಂದುಕೊಂಡೆ. ಮತ್ತೆ ಬಂತು. ಈ ಸಲ ಗಂಗಾಳದ ಸದ್ದಲ್ಲ, ಕಬ್ಬಿಣಕ್ಕೆ ಕಬ್ಬಿಣ ಬಡಿದ ಸದ್ದು. ಖಾರದ ಕೈಯಲ್ಲೇ ಎದ್ದು ಹೋಗಿ ನೋಡಿದರೆ ನನ್ನ ಗಂಡ ಟಿವಿ ಮುಂದೆ ಕಾಲು ಮಡಚಿ ಕುಳಿತಿದ್ದಾರೆ. ವಾರವಿಡೀ ಕಚೇರಿಯ ಕಡತಗಳ ನಡುವೆ ಗಂಭೀರವಾಗಿರುವ ಈ ಮನುಷ್ಯ ಭಾನುವಾರ ಮಾತ್ರ ಎಂಟು ವರ್ಷದವರಾಗಿಬಿಡುತ್ತಾರೆ. ತೆರೆಯ ಮೇಲೆ ಜಪಾನಿನ ಕಾರ್ಟೂನು. ಅದರೊಳಗೆ ತಲೆಯಿಂದ ಕಾಲಿನವರೆಗೆ ಕಪ್ಪು ಕಬ್ಬಿಣ ತೊಟ್ಟ ಒಬ್ಬ ರಾಕ್ಷಸ. ಒಬ್ಬ ಹುಡುಗಿ ಅವನಿಗೆ ಭರ್ಜಿಯಿಂದ ತಿವಿಯುತ್ತಾಳೆ, ಭರ್ಜಿ ಮುರಿಯುತ್ತದೆ. ಅವನು ಮಾತ್ರ ಒಂದು ಹೆಜ್ಜೆಯೂ ಹಿಂದೆ ಸರಿಯುವುದಿಲ್ಲ.

ನಾನು ಬಾಗಿಲಲ್ಲೇ ನಿಂತುಬಿಟ್ಟೆ.

"ಯಾಕ, ಹೆದರಿದೇನು?" ಎಂದರು ಗಂಡ.

"ಇಲ್ರಿ. ಇವ ನಮ್ಮವ. ಮಸ್ಕಿ ಮನ್ಯಾಗ ಒಂದು ಬ್ಯಾಸಗಿ ಪೂರ್ತಿ ಇದ್ದು ಹೋಗ್ಯಾನ."

ಇವಳಿಗೇನಾಯಿತು ಎಂಬಂತೆ ಅವರು ನನ್ನ ಮುಖ ನೋಡಿದರು. ನಿಮಗೂ ಹಾಗೇ ಅನ್ನಿಸಿರಬಹುದು. ಅದಕ್ಕೇ ಮುತ್ಯಾನ ವಿಷಯ ಹೇಳಬೇಕು.

ಮುತ್ಯಾ ಎಂದರೆ ನನ್ನ ತಾಯಿಯ ತಂದೆ. ಮಸ್ಕಿಯ ಬಜಾರಿನಲ್ಲಿ ಅವನದು ಬಟ್ಟೆಯ ಅಂಗಡಿ. ಅಂಗಡಿ ಎನ್ನುವುದಕ್ಕಿಂತ ಮಾತಿನ ಕಟ್ಟೆ ಎನ್ನಬೇಕು. ಒಂದು ಮೀಟರು ಲಂಗದ ಬಟ್ಟೆಗೆ ಬಂದವರು ಮಗಳ ಮದುವೆ, ಎತ್ತಿನ ಕಾಲುನೋವು, ಕಾಲುವೆಗೆ ನೀರು ಬಿಟ್ಟ ಸುದ್ದಿ ಎಲ್ಲ ಹೇಳಿ, ಎಲ್ಲದಕ್ಕೂ ಮುತ್ಯಾನ ಅಭಿಪ್ರಾಯ ಪಡೆದು ಹೋಗಬೇಕು. ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಬಟ್ಟೆಯ ಥಾನು ಬಿಚ್ಚುವಾಗಲೂ ಅವನ ಮಾತು ನಿಲ್ಲುತ್ತಿರಲಿಲ್ಲ. ಥಾನು ಮುಗಿದರೂ ಮಾತು ಉಳಿದಿರುತ್ತಿತ್ತು.

ಅಂಥವನಿಗೆ ಒಂದು ಮುಂಜಾನೆ ಲಕ್ವಾ ಹೊಡೆಯಿತು. ಸ್ನಾನ ಮಾಡಿ ಪೂಜೆಗೆ ಕೂರಬೇಕೆನ್ನುವಷ್ಟರಲ್ಲಿ ಬಲಗೈ, ಬಲಗಾಲು ಕೈಕೊಟ್ಟವು. ಆಸ್ಪತ್ರೆಯಿಂದ ಮನೆಗೆ ಬರುವಷ್ಟರಲ್ಲಿ ಜೀವ ಉಳಿದಿತ್ತು, ಮಾತು ಹೋಗಿತ್ತು. "ಎಲ್ಲಾ ತಿಳೀತೈತಿ ಅವರಿಗೆ. ಮಾತಾಡಸ್ಕೋತ ಇರ್ರಿ, ಬಂದರೂ ಬರಬಹುದು" ಎಂದಿದ್ದರು ಡಾಕ್ಟರು. ಮೊದಲ ವಾರ ಎಲ್ಲರೂ ಮಾತನಾಡಿಸಿದರು. ಉತ್ತರ ಕೊಡಲಾಗದವರ ಜೊತೆ ಎಷ್ಟು ದಿನ ಮಾತನಾಡಲಾಗುತ್ತದೆ? ಬಂದವರು ಅವನ ಕಾಲ ಬಳಿ ಕುಳಿತು, ಅವನ ಬಗ್ಗೆಯೇ, ನನ್ನ ಆಯಿಯ, ಅಂದರೆ ಅಜ್ಜಿಯ, ಜೊತೆ ಮಾತನಾಡತೊಡಗಿದರು. ಮುತ್ಯಾ ಗೋಡೆಯ ಕಡೆ ಹೊರಳಿ ಮಲಗಿದ.

ನನಗೆ ಆಗ ಪಿಯುಸಿ ಪರೀಕ್ಷೆ ಮುಗಿದು ಫಲಿತಾಂಶ ಬರಬೇಕಿತ್ತು. ಸಿಂಧನೂರಿನ ನನ್ನ ತವರಿನಲ್ಲಿ ಕೆಲಸವಿಲ್ಲದೆ ಕುಳಿತವಳು ನಾನೊಬ್ಬಳೇ. "ಹೋಗು, ಆಯಿಗೆ ಆಸರಾಗತೈತಿ" ಎಂದು ಅವ್ವ ಬಸ್ಸು ಹತ್ತಿಸಿದಳು. ಚೀಲದಲ್ಲಿ ನಾಲ್ಕು ಜೊತೆ ಬಟ್ಟೆ, ಜೊತೆಗೆ ಹೈದರಾಬಾದಿನಲ್ಲಿ ಓದುತ್ತಿದ್ದ ನಮ್ಮ ಕಾಕಾನ ಮಗ ಅಲ್ಲಿಯ ಫುಟ್‌ಪಾತಿನಲ್ಲಿ ಕೊಂಡು ತಂದಿದ್ದ ಹಳೆಯ ಪುಸ್ತಕಗಳ ಒಂದು ಕಟ್ಟು. ಮಾಂಗಾ ಎನ್ನುತ್ತಾರಂತೆ, ಜಪಾನಿನ ಚಿತ್ರಕಥೆ. ಇಂಗ್ಲಿಷಿಗೆ ಬಂದದ್ದು. ಮೊದಲ ಭಾಗಗಳೂ ಇರಲಿಲ್ಲ, ಕೊನೆಯವೂ ಇರಲಿಲ್ಲ.

ಮಧ್ಯಾಹ್ನ ಆಯಿ ಮಲಗಿದಾಗ ಮುತ್ಯಾನ ಮಂಚದ ಪಕ್ಕ ಕೂರುವುದು ನನ್ನ ಪಾಳಿ. ಮಾತನಾಡಿಸು ಎಂದರೆ ಏನು ಮಾತನಾಡಲಿ? ಊರಿನಲ್ಲಿ ಬಿಸಿಲು ಎಂದೆ. ಬಸ್ಸಿನಲ್ಲಿ ಗದ್ದಲ ಎಂದೆ. ಅಲ್ಲಿಗೆ ನನ್ನ ಸರಕು ಮುಗಿಯಿತು. ಸುಮ್ಮನೆ ಒಂದು ಮಾಂಗಾ ತೆಗೆದು ಓದತೊಡಗಿದೆ. ಮೊದಲ ಪುಟದಲ್ಲೇ ಎಲ್ಲರೂ ಸತ್ತಿದ್ದರು. ಎರಡನೆಯ ಪುಟದಲ್ಲಿ ಸಾಯುತ್ತಿದ್ದರು. ಮೂರನೆಯದರಲ್ಲಿ ಎದ್ದು ಕುಳಿತು ಊಟ ಮಾಡುತ್ತಿದ್ದರು. "ಏನ ಪುಸ್ತಕಪಾ ಇದು, ತಪ್ಪು ಹೊಲಿದಾರ" ಎಂದು ಗೊಣಗಿದೆ.

ಆಗ ಗೋಡೆಯ ಕಡೆ ಹೊರಳಿದ್ದ ಮುತ್ಯಾ ಇತ್ತ ತಿರುಗಿದ. ಎಡಗೈ ಚಾಚಿದ. ಕೊಟ್ಟೆ. ಪುಸ್ತಕವನ್ನು ಎದೆಯ ಮೇಲಿಟ್ಟುಕೊಂಡು, ಒಂದು ಗಳಿಗೆ ನೋಡಿ, ಹಿಂದುಮುಂದು ತಿರುವಿ, ಹಿಂದಿನ ರಟ್ಟಿನಿಂದ ತೆರೆದ. ಬಲಗಡೆಯ ಚಿತ್ರದ ಮೇಲೆ ಬೆರಳಿಟ್ಟು ನಿಧಾನವಾಗಿ ಎಡಕ್ಕೆ ಎಳೆದ. ನಂತರ ನನ್ನನ್ನು ನೋಡಿದ. ಅಂಗಡಿಯಲ್ಲಿ ಯಾರಾದರೂ ಸೀರೆಯನ್ನು ತಿರುವುಮುರುವು ಹಿಡಿದರೆ ನೋಡುತ್ತಿದ್ದನಲ್ಲ, ಅದೇ ನೋಟ.

ನನಗೆ ಆಮೇಲೆ ಹೊಳೆಯಿತು. ಮುತ್ಯಾ ಕಲಿತದ್ದು ನಿಜಾಮರ ಕಾಲದ ಉರ್ದು ಶಾಲೆಯಲ್ಲಿ. ಕನ್ನಡದ ಅಕ್ಷರ ಅವನಿಗೆ ಬಂದದ್ದು ದೊಡ್ಡವನಾದ ಮೇಲೆ. ಅಂಗಡಿಯಲ್ಲೂ ಲೆಕ್ಕದ ಗುರುತುಗಳನ್ನು ಬಲದಿಂದ ಎಡಕ್ಕೆ ಬರೆದು ಮಗ ಬಸಣ್ಣ ಮಾವನನ್ನು ಗೋಳು ಹುಯ್ದುಕೊಳ್ಳುತ್ತಿದ್ದ. ಜಪಾನಿನವರೂ ಹಾಗೇ ಬಲದಿಂದ ಓದುತ್ತಾರೆಂದು ನನಗೆ ಯಾರು ಹೇಳಬೇಕು? ಇನ್ನೊಂದು ಅನುಕೂಲವೂ ಇತ್ತು. ಅಂಥ ಪುಸ್ತಕದ ಹಾಳೆ ತಿರುವುವುದು ಎಡಗೈಯ ಕೆಲಸ. ಮುತ್ಯಾನಿಗೆ ಉಳಿದಿದ್ದದ್ದೂ ಅದೊಂದೇ ಕೈ.

ಹೀಗೆ ನಮ್ಮ ಓದು ಸುರುವಾಯಿತು. ಹಾಳೆ ತಿರುವುವುದು ಅವನು, ಕಥೆ ಹೇಳುವುದು ನಾನು. ದೋಣಿ ನಡೆಸುವವರ ಮನೆಯ ಹುಡುಗಿಯೊಬ್ಬಳು. ಅವಳ ಊರನ್ನು ಸುಟ್ಟ ಕಬ್ಬಿಣದ ರಾಕ್ಷಸ. ಬಾಣ ಬಿಟ್ಟರೆ ಬಾಣ ಮುರಿಯುತ್ತದೆ, ಬೆಂಕಿ ಹಚ್ಚಿದರೆ ಬೆಂಕಿ ಆರುತ್ತದೆ. ಒಂದು ಭಾಗ ಮುಗಿದರೂ ಕಾಳಗ ಮುಗಿಯುವುದಿಲ್ಲ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ. ಗೊತ್ತಾಗದ ಕಡೆಯಲ್ಲೆಲ್ಲ "ನಿನ್ನ ಬಿಡಂಗಿಲ್ಲಲೇ" ಎಂದು ಸೇರಿಸುತ್ತಿದ್ದೆ. ಕಾಳಗದ ಕಥೆಯಾದ್ದರಿಂದ ಎಲ್ಲ ಕಡೆಯೂ ಅದು ಹೊಂದುತ್ತಿತ್ತು.

ಒಂದೇ ತೊಡಕು. ಹೊಡೆತ ಬಿದ್ದಲ್ಲೆಲ್ಲ ದೊಡ್ಡ ದೊಡ್ಡ ಜಪಾನಿ ಅಕ್ಷರಗಳಿದ್ದವು. ಅವನ್ನು ಯಾರೂ ಇಂಗ್ಲಿಷಿಗೆ ತಂದಿರಲಿಲ್ಲ. ಮುತ್ಯಾ ಅವುಗಳ ಮೇಲೆ ಬೆರಳು ಕುಟ್ಟಿ, ಇದೇನು ಎಂಬಂತೆ ನೋಡುತ್ತಿದ್ದ. ಸದ್ದು ಇರಬೇಕೆಂದು ಊಹಿಸಿ ನಾನೇ ಬಾಯಿಂದ ಮಾಡತೊಡಗಿದೆ. ಬಿದ್ದರೆ ಧಡ್. ಓಡಿದರೆ ಧಬಧಬ. ಭರ್ಜಿ ಕಬ್ಬಿಣಕ್ಕೆ ತಾಗಿ ಒಳಗೆ ಹೋಗದಿದ್ದರೆ ಖಣ್. ಆ ಕಥೆಯಲ್ಲಿ ಖಣ್‌ಗೆ ಬರವೇ ಇರಲಿಲ್ಲ.

ಹೀಗೊಂದು ಮಧ್ಯಾಹ್ನ ಹಾಳೆ ತಿರುವಿದಾಗ, ನಾನು ಬಾಯಿ ತೆರೆಯುವ ಮೊದಲೇ, ಮಂಚದಿಂದ ಬಂತು:

"ಖ... ಖಣ್."

ತಿಂಗಳಿಂದ ಕೇಳದ ದನಿ. ತುಕ್ಕು ಹಿಡಿದ ಬಾಗಿಲು ತೆರೆದಂತಿತ್ತು. ನಾನು ಅಲುಗಾಡಲಿಲ್ಲ. ಮುತ್ಯಾನೂ ತನ್ನ ಬಾಯಿಂದ ಬಂದದ್ದು ಹೌದೋ ಅಲ್ಲವೋ ಎಂಬಂತೆ ತುಟಿ ಮುಟ್ಟಿಕೊಂಡ. ಮತ್ತೆ ಅದೇ ಚಿತ್ರಕ್ಕೆ ಬೆರಳಿಟ್ಟ. "ಖಣ್." ಈ ಸಲ ಸ್ವಲ್ಪ ಜೋರು. ಆಯಿ ನಿದ್ದೆಯಿಂದೆದ್ದು ಬಂದು ಹೊಸ್ತಿಲಲ್ಲಿ ನಿಂತಿದ್ದಳು. ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಅಲ್ಲಿಯವರೆಗೆ ಆಯಿಗೆ ಆ ಪುಸ್ತಕಗಳು ಸೇರುತ್ತಿರಲಿಲ್ಲ. "ಲಿಂಗಪೂಜಿ ಮಾಡೋ ಮನ್ಯಾಗ ದೆವ್ವದ ಪುಸ್ತಕ ಯಾಕಬೇ" ಎನ್ನುತ್ತಿದ್ದಳು. ಅಂದಿನಿಂದ ಮಧ್ಯಾಹ್ನದ ನಿದ್ದೆ ಬಿಟ್ಟು, ಬೇಳೆ ಆರಿಸುವ ಮೊರ ಹಿಡಿದು ನಮ್ಮ ಜೊತೆ ಕೂರತೊಡಗಿದಳು. ಅವಳ ಸಂಶಯಗಳು ಬೇರೆ ಥರದವು. "ಇಷ್ಟು ಕಬ್ಬಿಣ ಹಾಕ್ಕೊಂಡಾನಲ್ಲ, ಉಣ್ಣೋದು ಹೆಂಗ? ಬೆನ್ನು ತುರಿಸಿದ್ರ ಏನು ಮಾಡ್ತಾನ?" ಗೊರೇಬಾಳದ ಕಡೆ ಭತ್ತದ ಗದ್ದೆಗಳಲ್ಲಿ ಬೆಳೆದವಳು ಅವಳು. ಕೊನೆಗೆ ತೀರ್ಪು ಕೊಟ್ಟಳು: "ಆ ಹುಡಗಿಗೆ ಬುದ್ಧಿಲ್ಲ. ಭರ್ಜಿ ಯಾಕ ಬೇಕು? ನಾಟಿ ಹಚ್ಚೋ ಗದ್ದಿಗೆ ಕರಕೊಂಡು ಬರಬೇಕವನ್ನ. ಆ ಭಾರಕ್ಕ ಟೊಂಕದಮಟ ಹುಗೀತಾನ. ಆಮ್ಯಾಲೆ ಕುಂತು ಮಾತಾಡಬಹುದು." ಮುತ್ಯಾ ನಕ್ಕ. ಅರ್ಧ ಮುಖದಿಂದ ನಕ್ಕ. ನಮಗೆ ಅಷ್ಟೇ ಸಾಕಾಗಿತ್ತು.

ಕೆಲವು ದಿನಗಳ ನಂತರ ರಾಕ್ಷಸನಿಗೆ ಹೆಸರೂ ಬಂತು. ಚಿತ್ರದ ಮೇಲೆ ಬೆರಳಿಟ್ಟು, ಹಣೆ ಗಂಟಿಕ್ಕಿ, ಎಲ್ಲಿಂದಲೋ ಎಳೆದು ತಂದವನಂತೆ ಮುತ್ಯಾ ಅಂದ: "ಬಕ್ತರ್." ಉರ್ದುವಿನಲ್ಲಿ ಕವಚಕ್ಕೆ ಹಾಗೆನ್ನುತ್ತಾರೆ. ಹೆಂಡತಿಯ ಹೆಸರು ಬರಲಿಲ್ಲ, ನನ್ನ ಹೆಸರು ಬರಲಿಲ್ಲ, ಶಾಲೆಯಲ್ಲಿ ಕಲಿತ ಆ ಮಾತು ಬಂತು. ಆಯಿ ಸ್ವಲ್ಪ ಮುನಿಸಿಕೊಂಡಳು. "ಬಾಳೇವು ಮಾಡಿದಾಕಿ ನಾ, ಹೆಸರು ಅವಂದು" ಎಂದಳು.

ಇಷ್ಟರಲ್ಲಿ ಅಂಗಡಿಯ ಮಾತು ಬಂತು. ಬಸಣ್ಣ ಮಾವ, ಅಂದರೆ ಮುತ್ಯಾನ ಒಬ್ಬನೇ ಮಗ, ಹಟ್ಟಿಯ ಚಿನ್ನದ ಗಣಿಯಲ್ಲಿ ಕೆಲಸಕ್ಕಿದ್ದ. ಪಾಳಿ ಮುಗಿಸಿ ಮೋಟಾರ್ ಬೈಕಿನಲ್ಲಿ ಬಂದು ಅಪ್ಪನ ಕಾಲೊತ್ತಿ ಹೋಗುತ್ತಿದ್ದ. ಒಳ್ಳೆಯವನು. ಆದರೆ ಮುಚ್ಚಿದ ಅಂಗಡಿಯನ್ನು ಎಷ್ಟು ದಿನ ಹಾಗೇ ಬಿಡುವುದು ಎಂಬ ಚಿಂತೆ ಅವನದು. ಸಿಂಧನೂರಿನವರೊಬ್ಬರು ಅಲ್ಲಿ ಮೊಬೈಲ್ ಅಂಗಡಿ ಇಡುತ್ತೇವೆ ಎಂದು ಕೇಳಿದಾಗ ಒಪ್ಪಿಕೊಂಡ. ಅವರು ಮಾತು ಮುಗಿಸಲು ಮನೆಗೇ ಬಂದರು. ಕುಳಿತದ್ದು ಮುತ್ಯಾನ ಮಂಚದ ಪಕ್ಕದ ಕುರ್ಚಿಗಳಲ್ಲಿ. ಥಾನುಗಳನ್ನೆಲ್ಲ ಯಾರಿಗೆ ಕೊಡುವುದು, ಬೋರ್ಡು ಯಾವಾಗ ಇಳಿಸುವುದು, ಎಲ್ಲ ಮಾತೂ ಅಲ್ಲೇ ನಡೆಯಿತು.

"ಖಣ್" ಎಂದ ಮುತ್ಯಾ.

ಬಂದವರು ತಿರುಗಿ ನೋಡಿದರು. "ಏನಂತಾರ?" ಎಂದರು.

"ಏನಿಲ್ರಿ, ಹಂಗ ಸಪ್ಪಳ ಮಾಡ್ತಾರ" ಎಂದ ಮಾವ, ಸಂಕಟದಿಂದ.

"ಖಣ್. ಖಣ್." ಮುತ್ಯಾನ ಎಡಗೈ ಮಂಚದ ಪಟ್ಟಿಯನ್ನು ಹಿಡಿದಿತ್ತು. ಕಣ್ಣು ನನ್ನ ಮೇಲಿತ್ತು.

ದೊಡ್ಡವರ ಮಾತಿನ ನಡುವೆ ಬಾಯಿ ಹಾಕುವ ಹುಡುಗಿಯಾಗಿರಲಿಲ್ಲ ನಾನು. ನೀರಿನ ಲೋಟಗಳ ತಟ್ಟೆ ಹಿಡಿದು ನಿಂತಿದ್ದೆ. ಆದರೂ ಹೇಳಿದೆ: "ಮಾವಾ, ಅದು ಸಪ್ಪಳ ಅಲ್ಲ. ನಿಮ್ಮ ಮಾತು ಒಳಗ ಹೋಗಲಿಲ್ಲ ಅನ್ನಾಕತ್ತಾನ. ಬ್ಯಾಡ ಅನ್ನಾಕತ್ತಾನ."

ಮಾವ ನನ್ನನ್ನು ಗದರಿಸುತ್ತಾನೆ ಎಂದುಕೊಂಡೆ. ಅವನು ಕುರ್ಚಿಯಿಂದೆದ್ದು ಮಂಚದ ಪಕ್ಕ ನೆಲಕ್ಕೆ ಕುಳಿತ. ಲಕ್ವಾ ಹೊಡೆದ ಮೇಲೆ ಮೊದಲ ಸಲ, ಅಪ್ಪನ ಬಗ್ಗೆಯಲ್ಲ, ಅಪ್ಪನನ್ನೇ ಕೇಳಿದ.

"ಅಪ್ಪಾ. ಅಂಗಡಿ ಕೊಡೋದು ಬ್ಯಾಡೇನು?"

ಮುತ್ಯಾ ಬಾಯಿ ತೆರೆದ. ಬೇರೆ ಮಾತಿಗಾಗಿ ಹುಡುಕುತ್ತಿದ್ದ, ಸಿಗಲಿಲ್ಲ. "ಖಣ್" ಎಂದ. ಕಣ್ಣಿಂದ ನೀರಿಳಿಯಿತು.

ಮಾವ ಅಪ್ಪನ ಕೈಯನ್ನು ಹಣೆಗೆ ಒತ್ತಿಕೊಂಡ. "ತಿಳೀತು" ಎಂದ. ಆಮೇಲೆ, "ಹಂಗಾದ್ರ ಅಂಗಡ್ಯಾಗ ಕುಂಡ್ರೋರು ಯಾರಪಾ?" ಎಂದ.

ಅಡುಗೆಮನೆಯಿಂದ ಆಯಿಯ ದನಿ ಬಂತು. "ಯಾಕ, ನಾ ಏನು ಗೋಡಿಗೆ ಹಾಕಿದ ಫೋಟೋನೇನು?"

ಮುಂದಿನ ತಿಂಗಳು ಅಂಗಡಿ ತೆರೆಯಿತು. ಜೀವಮಾನದಲ್ಲಿ ಗಲ್ಲಾಪೆಟ್ಟಿಗೆಯ ಹತ್ತಿರ ಕೂರದ ಆಯಿ ಗಲ್ಲೆಯ ಮೇಲೆ ಕುಳಿತಳು. ಪಕ್ಕದ ಕುರ್ಚಿಯಲ್ಲಿ ಮುತ್ಯಾ. ಮಾತು ಒಂದೊಂದೇ ಮರಳಿ ಬಂತು, ಎಲ್ಲವೂ ಬರಲಿಲ್ಲ. ಬಾರದ ಕಡೆ ಸದ್ದು ಮಾಡುತ್ತಿದ್ದ. ಬಟ್ಟೆ ಗಟ್ಟಿಯಾದರೆ ಖಣ್, ತೆಳುವಾದರೆ ಫುಸ್. ಗಿರಾಕಿಗಳಿಗೆ ಅದೇ ರೂಢಿಯಾಯಿತು. ಮೊದಲಿಗಿಂತ ಈಗಲೇ ವ್ಯಾಪಾರ ನೇರ ಎಂದು ಕೆಲವರು ಚೇಷ್ಟೆ ಮಾಡುತ್ತಿದ್ದರು.

ಕಥೆಯ ಕೊನೆಯ ಭಾಗ ನನಗೆ ಸಿಕ್ಕಿದ್ದು ಎಷ್ಟೋ ವರ್ಷಗಳ ಮೇಲೆ, ಮೊಬೈಲಿನಲ್ಲಿ. ಮಸ್ಕಿಯ ಬಸ್ಸು ಹತ್ತಿ ಹೋಗಿ ಅಂಗಡಿಯಲ್ಲಿ ಹೇಳಿದೆ: ಆ ಹುಡುಗಿ ಬಕ್ತರನ ಕುತ್ತಿಗೆಯ ಸಂದಿಯನ್ನು ಕಂಡುಹಿಡಿದು, ಅಲ್ಲಿ ತಿವಿದು, ಅವನನ್ನು ಕೊಂದಳು. ಮುತ್ಯಾ ಪೂರ್ತಿ ಕೇಳಿದ. ಥಾನಿನ ಮೇಲೆ ಕೈಯಾಡಿಸಿದ. ನಿಧಾನವಾಗಿ ಅಂದ: "ಸುಳ್ಳು. ಒಳಗಿದ್ದವನ್ನ... ಯಾರೂ... ಕೇಳಲೇ ಇಲ್ಲ."

ಮುತ್ಯಾ ಹೋಗಿ ಈಗ ನಾಲ್ಕು ವರ್ಷ. ಆಯಿ ಅವನಿಗಿಂತ ಒಂದು ವರ್ಷ ಹೆಚ್ಚು ಬಾಳಿದಳು.

ಇದನ್ನೆಲ್ಲ ಹೇಳಿ ಮುಗಿಸುವಷ್ಟರಲ್ಲಿ ಟಿವಿಯ ಕಾರ್ಟೂನು ಮುಗಿದಿತ್ತು, ನನ್ನ ಕೈಯ ಖಾರ ಒಣಗಿತ್ತು. ಸಂಜೆ ಗಂಡನ ಸೋದರಮಾವನನ್ನು ನೋಡಲು ಗೊರೇಬಾಳಕ್ಕೆ ಹೋಗಬೇಕಿತ್ತು. ಅವರಿಗೂ ಲಕ್ವಾ, ಈಚೆಗೆ. ನಾವು ಹೋದಾಗ ಕಟ್ಟೆಯ ತುಂಬ ನೆಂಟರು. ನಡುವೆ ಹೊರಸಿನ ಮೇಲೆ ಆ ಹಿರಿಯರು, ನೆಲ ನೋಡುತ್ತ. "ಉಣ್ತಾರೇನು? ನಿದ್ದಿ ಬರತೈತೇನು?" ಎಂದು ಎಲ್ಲರೂ ಅವರ ಹೆಂಡತಿಯನ್ನು, ಅಂದರೆ ಅತ್ತೆಯನ್ನು, ಕೇಳುತ್ತಿದ್ದರು. ಚಹಾ ಬಂತು. "ಅವರ ಚಾಕ್ಕ ಸಕ್ರಿ ಹಾಕೋದೇನು?" ಎಂದಿತು ಒಂದು ದನಿ, ಮತ್ತೆ ಅತ್ತೆಗೇ.

ನಾನು ಕುರ್ಚಿ ಎಳೆದು ಅವರ ಎದುರಿಗೆ ಕುಳಿತೆ. "ಮಾವಾ, ಚಾಕ್ಕ ಸಕ್ರಿ ಎಷ್ಟು ಹಾಕಬೇಕ್ರಿ?"

ಅತ್ತೆ ಉತ್ತರಿಸಲು ಬಾಯಿ ತೆರೆದರು. ಅವರ ಕೈ ಹಿಡಿದುಕೊಂಡೆ. ಬೀದಿಯಲ್ಲಿ ಒಂದು ಟ್ರ್ಯಾಕ್ಟರು ಹಾದು ಹೋಯಿತು, ಅದರ ಧೂಳೂ ಇಳಿಯಿತು. ಮಾವ ತಲೆಯೆತ್ತಿದರು. ತುಟಿ ಒಂದು ಕಡೆ ಎಳೆಯಿತು, ನಿಂತಿತು, ಮತ್ತೆ ಎಳೆಯಿತು. ನಾನು ಕಾದೆ.

"ಎರ... ಎರಡು."

"ಡಾಕ್ಟರು ಒಂದ ಚಮಚ ಅಂದಾರ" ಎಂದರು ಅತ್ತೆ, ಅಳುತ್ತ.

ಮಾವ ಈಗ ಅತ್ತೆಯ ಕಡೆ ತಿರುಗಿದರು. "ಎರಡು" ಎಂದರು, ಇನ್ನೂ ಸ್ವಲ್ಪ ಸ್ಪಷ್ಟವಾಗಿ.

ಅತ್ತೆ ಕಣ್ಣೊರೆಸಿಕೊಂಡು ಸಕ್ಕರೆ ಡಬ್ಬಿ ತರಲು ಒಳಗೆ ಹೋದರು.