ರೋಜಾದ ಓಟ, ಹೆಗಡೇರ ಚೊಂಬು

1991ರಲ್ಲಿ ನಾನು ಓದು ನಿಲ್ಲಿಸಿದೆ. ಏಳನೇ ಕ್ಲಾಸು. ಮರುದಿನವೇ ಲಾರಿಯ ಕ್ಲೀನರ್ ಆದೆ. ಆಮೇಲೆ ನಾನು ನಿಲ್ಲಿಸಿದ್ದು ಇನ್ನೇನಾದರೂ ಇದೆಯೇ ಎಂದು ಮೊನ್ನೆ ಹೆಂಡತಿಯನ್ನು ಕೇಳಿದೆ. ಓಟ, ಪ್ರತಿವರ್ಷ ರಂಜಾನಿನಲ್ಲಿ ಎಂದಳು. ಯೋಚಿಸಲೂ ಇಲ್ಲ.

ನನ್ನ ಓಟ ಶೋಕಿಯದಲ್ಲ. ವರ್ಷಗಟ್ಟಲೆ ಟೆಂಪೋ ಸೀಟಿನಲ್ಲಿ ಕೂತ ಸೊಂಟ ಇದು. ಬೆಳಿಗ್ಗೆ ಸಿದ್ದಾಪುರ ರಸ್ತೆಯಲ್ಲಿ ಓಡಿದರೆ ಕ್ಲಚ್ ಒತ್ತಲು ಕಾಲು ಬರುತ್ತದೆ. ಓಡದಿದ್ದರೆ ಸೊಂಟ ಹಿಡಿಯುತ್ತದೆ. ಸೊಂಟ ಹಿಡಿದರೆ ಟೆಂಪೋ ನಿಲ್ಲುತ್ತದೆ. ಟೆಂಪೋ ನಿಂತರೆ? (ಅದನ್ನೂ ಬಿಡಿಸಿ ಹೇಳಬೇಕೇ?) ಆದರೂ ಉಪವಾಸದ ತಿಂಗಳು ಬಂತೆಂದರೆ ಶೂ ಕಪಾಟಿಗೆ. ಹಬ್ಬ ಮುಗಿದರೆ ಬಿರಿಯಾನಿ, ಬಿರಿಯಾನಿ ಮುಗಿದರೆ ಮದುವೆಗಳು, ಮದುವೆಗಳು ಮುಗಿದರೆ ಮಳೆ.

ಈ ಸಲ ನಿಲ್ಲಿಸುವುದಿಲ್ಲ ಎಂದು ಹಟ ಹಿಡಿದೆ. ಮೊದಲ ದಿನ ಸಹರಿ ಊಟ ಮುಗಿಸಿ ನಸುಕಿನಲ್ಲೇ ಓಡಿದೆ. ಹತ್ತು ಗಂಟೆಗೆ ನಾಲಿಗೆ ಹಳೇ ಚಪ್ಪಲಿಯ ಅಟ್ಟೆಯಾಗಿತ್ತು. ಮರುದಿನದಿಂದ ಓಟ ಸಂಜೆಗೆ. ಓಡಿ ಬರುವುದು, ಹೊತ್ತು ಮುಳುಗಿದೊಡನೆ ರೋಜಾ, ಅಂದರೆ ಉಪವಾಸ, ಬಿಡುವುದು, ನೀರು ಕುಡಿಯುವುದು. ಸರಿಯಾದ ಪ್ಲಾನು.

ಪ್ಲಾನಿನಲ್ಲಿ ಹೆಗಡೇರು ಇರಲಿಲ್ಲ.

ಹೆಗಡೇರ ಮನೆ ಆ ರಸ್ತೆಗೇ ತಾಗಿದೆ. ಅವರ ಅಡಿಕೆಯನ್ನು ಮಂಡಿಗೆ ಹೇರುವವನು ನಾನೇ. ಸಂಜೆ ಅವರು ಗೇಟಿನ ಹತ್ತಿರ ಕುರ್ಚಿ ಹಾಕಿ ಕೂರುತ್ತಾರೆ. ನಮ್ಮ ಕಡೆ ಬೆವರಿ ಬಂದವನಿಗೆ ಮೊದಲು ಆಸರಿ, ಅಂದರೆ ನೀರು-ಬೆಲ್ಲ. ಯಾರು, ಎಲ್ಲಿಂದ ಎಂಬುದೆಲ್ಲ ಆಮೇಲೆ. ಬೇಡ ಎಂದರೆ ಮನೆಗೇ ಅವಮಾನ. ಮೊದಲ ಸಂಜೆ ಕೂತಲ್ಲಿಂದಲೇ ಕರೆದರು. ಎರಡನೇ ಸಂಜೆ ಚೊಂಬು ಹಿಡಿದು ರಸ್ತೆಗೇ ಬಂದರು. ವಿವರಿಸಲು ಉಸಿರು ಬೇಕಲ್ಲ? ಕೈ ಬೀಸಿ, ಬೇಡ ಎಂದು ಸನ್ನೆ ಮಾಡಿ ಓಡಿದೆ.

ಓಡುವವನು ಕೈ ಬೀಸಿದರೆ ನೊಣ ಓಡಿಸಿದ ಹಾಗೆ ಕಾಣುತ್ತದಂತೆ. ಇದು ನನಗೆ ಅಡಿಕೆ ಮಂಡಿಯ ಹಮಾಲರಿಂದ ತಿಳಿಯಿತು. ಅವನಿಗೀಗ ನಮ್ಮನೆ ನೀರು ಸೇರುವುದಿಲ್ಲ, ಈ ಸಲ ಬೇರೆ ಗಾಡಿ ನೋಡುತ್ತೇನೆ ಎಂದು ಹೆಗಡೇರು ಅಲ್ಲಿ ಹೇಳಿದ್ದರಂತೆ.

ಸ್ವಾಭಿಮಾನ ನನಗೂ ಇದೆ. ಇಷ್ಟು ವರ್ಷ ನನ್ನನ್ನು ಕಂಡವರಿಗೆ ರಂಜಾನ್ ಬಂದದ್ದು ತಿಳಿಯಬಾರದೇ? ಆ ದಾರಿಯನ್ನೇ ಬಿಟ್ಟೆ. (ದಾರಿಯ ಜೊತೆ ಓಟವೂ ಹೋಯಿತು.) ಎರಡೇ ದಿನ. ಯಲ್ಲಾಪುರದಿಂದ ವಾಪಸ್ ಬರುವಾಗ ಸೊಂಟ ಕಲ್ಲಾಯಿತು. ಹೆಂಡತಿ ಎಣ್ಣೆ ತಿಕ್ಕುತ್ತ, ನಿಮ್ಮದು ನೀರಿನ ರೋಜಾ, ಅವರದು ಮಾತಿನ ರೋಜಾ, ಮೊದಲು ಯಾರು ಬಿಡುತ್ತೀರಿ ಎಂದಳು.

ಮರುದಿನ ಓಡಿಹೋಗಿ ಗೇಟಿನೆದುರು ನಿಂತೆ. ಏದುಸಿರು. "ರೋಜಾ, ಹೆಗಡೇರೆ" ಎಂದೆ. ಬಾಯಿಗೆ ಬಂದದ್ದು ಅಷ್ಟೇ.

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು.

"ಉಪಾಸ ಮಾಡ್ಕಂಡು ಓಡ್ತಾರನ ಮಾರಾಯ? ನಾವು ಏಕಾದಶಿ ದಿನ ಕೂತಲ್ಲಿಂದ ಏಳೂದಿಲ್ಲ."

ಎಷ್ಟು ಹೊತ್ತಿಗೆ ಬಿಡುವುದು ಎಂದು ಕೇಳಿದರು. ಹೇಳಿದೆ.

"ಹಂಗಾರೆ ಆ ಹೊತ್ತಿಗೆ ಸರಿಯಾಗಿ ಇಲ್ಲಿಗೆ ಬಾ. ಆಸರಿ ಕುಡೀದೆ ಗೇಟು ದಾಟಿದ್ರೆ ಅಡಿಕೆ ಹೇರ್ಲಿಕ್ಕೂ ಬರೂದು ಬ್ಯಾಡ."

ಅಂದಿನಿಂದ ಒಂದು ಕೈಯಲ್ಲಿ ಚೊಂಬು, ಇನ್ನೊಂದರಲ್ಲಿ ಮೊಬೈಲ್ ಗಡಿಯಾರ ಹಿಡಿದು ನಿಲ್ಲತೊಡಗಿದರು. ಚೂರು ತಡವಾದರೆ, ಎತ್ತಿನ ಗಾಡಿ ಈಗ ಬಂತು ನೋಡು ಎಂದು ಒಳಗಿದ್ದ ಹೆಂಡತಿಗೆ ಕೂಗಿ ಹೇಳುವರು. ಇಂಥ ಕೋಚ್ ಇರುವಾಗ ರಜೆ ಹಾಕುವುದು ಹೇಗೆ? ನಾನು ಜೇಬಿನಿಂದ ಅವರಿಗೂ ಒಂದು ಖರ್ಜೂರ ಕೊಡುತ್ತಿದ್ದೆ. ತಿಂದು ಬೀಜವನ್ನು ಗೇಟಿನ ಬುಡದಲ್ಲಿ ಊರುತ್ತಿದ್ದರು. ಇದು ಸಿರಸಿಯಲ್ಲಿ ಆಗುವ ಬೆಳೆಯಲ್ಲ ಎಂದೆ.

"ಉಪಾಸದಲ್ಲಿ ಓಡೂದು ಆಗ್ತದೆ, ಇದೊಂದು ಆಗೂದಿಲ್ವಾ?"

ದಿನಚರಿ ತಪ್ಪಿದರೆ ನಾವೆಲ್ಲ ಅದು ತಾನಾಗಿ ವಾಪಸ್ ಬರಲಿ ಎಂದು ಕಾಯುತ್ತೇವೆ. ತಡವಾಗಿಯಾದರೂ ಬರಲು ಅದೇನು ಬಸ್ಸೇ?

ಹಬ್ಬ ಮುಗಿಯಿತು. ಬಿರಿಯಾನಿಯ ಮರುದಿನ ಬೆಳಿಗ್ಗೆಯೇ ಓಡಿದೆ. ಚೊಂಬೂ ಬೆಳಗಿನ ಪಾಳಿಗೆ ಬಂತು.

ಓದು ಬಿಟ್ಟವನ ಬಳಿ ಈಗ ಇರುವುದು ಇಷ್ಟು: ಒಂದು ಟೆಂಪೋ, ಎರಡು ಜೊತೆ ಶೂ, ನೆಟ್ಟಗಿರುವ ಒಂದು ಸೊಂಟ, ಹೆಗಡೇರ ಗೇಟಿನಲ್ಲಿ ಒಂದು ಚೊಂಬು ನೀರು. ಖರ್ಜೂರದ ಗಿಡ, ಸದ್ಯಕ್ಕೆ ಸೊನ್ನೆ.