ಬೀಗರಿಗೆ ಇಲ್ಲ ಎನ್ನಲಾರದ ಕಲ್ಲಯ್ಯ

ಕಲ್ಲಯ್ಯನವರನ್ನು ಯಾರಾದರೂ ಒಳ್ಳೆಯವರು ಎಂದು ಹೊಗಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ಇಲ್ಲ ಎನ್ನಲು ಬಾರದವರನ್ನೆಲ್ಲ ಒಳ್ಳೆಯವರೆಂದು ಕರೆದು, ಆಮೇಲೆ ಅವರ ತಲೆಯ ಮೇಲೆ ಕೂರುವುದು ನಮ್ಮ ಜನರ ಅಭ್ಯಾಸ. ಈ ಧಾರವಾಡದ ಮನುಷ್ಯ ಡ್ಯಾಂಡಿನಾಂಗ್ ಬಡಾವಣೆಯಲ್ಲಿ ನಮ್ಮ ಪಕ್ಕದ ಮನೆಯವರು. ಅಲ್ಲಿಯ ಒಂದು ಡೀಲರ್‌ಶಿಪ್‌ನಲ್ಲಿ ಇಪ್ಪತ್ತು ವರ್ಷ ಕಾರು ಮಾರಿದವರು. ಇನ್ನೊಂದು ತುದಿಯ ಕ್ರೇಗಿಬರ್ನ್‌ನ ಕನ್ನಡಿಗರೂ ಇಡೀ ಊರು ದಾಟಿ ಅವರ ಬಳಿಗೇ ಬರುತ್ತಿದ್ದರು. ಹೊಸ ಕಾರಿನ ಚಕ್ರದಡಿ ನಿಂಬೆಹಣ್ಣು ಇಡಲು ಶೋರೂಮಿನ ಹಿತ್ತಲಲ್ಲಿ ಜಾಗ ಮಾಡಿಕೊಟ್ಟು, ಕಾಯಿಯನ್ನೂ ಅವರೇ ಒಡೆಯುತ್ತಿದ್ದರು.

ಅವರ ಒಬ್ಬಳೇ ಮಗಳು ಹೇಮಲತಾ ಸಿಡ್ನಿಯ ಅಭಯ್‌ನನ್ನು ಮೆಚ್ಚಿಕೊಂಡಳು. ಅಭಯ್‌ನ ತಂದೆ ಚಂದ್ರಮೋಹನ್ ಮೈಸೂರಿನವರು, ನಿವೃತ್ತ ಎಂಜಿನಿಯರ್. ನಿವೃತ್ತಿಯ ನಂತರ ಅವರಿಗೆ ಒಂದೇ ಧ್ಯಾನ: ಎಲೆಕ್ಟ್ರಿಕ್ ಕಾರುಗಳನ್ನು ಕಂಪನಿಗಳೇ ನೇರವಾಗಿ ಜನರಿಗೆ ಮಾರಬೇಕು, ನಡುವೆ ಡೀಲರ್ ಇರಬಾರದು. ಕೆಲವು ಕಂಪನಿಗಳು ಆಗಲೇ ಹಾಗೆ ಮಾರುತ್ತಿದ್ದವು. ಅದಕ್ಕೆ ಕಡಿವಾಣ ಹಾಕಿ ಎಂದು ಡೀಲರುಗಳು ಸರ್ಕಾರಕ್ಕೆ ದುಂಬಾಲು ಬಿದ್ದಿದ್ದರೆ, ಹಾಕಬೇಡಿ ಎಂದು ಚಂದ್ರಮೋಹನ್ ಬಳಗ ಎಂಪಿಗಳ ಬಾಗಿಲು ತಟ್ಟುತ್ತಿತ್ತು. ವಾದದಲ್ಲಿ ಹುರುಳಿಲ್ಲ ಎಂದು ನಾನು ಹೇಳಲಾರೆ.

ಮದುವೆಯ ಮಾತಿಗೆಂದು ಸಿಡ್ನಿಯಲ್ಲಿ ನಾರ್ವೆಸ್ಟ್ ಹತ್ತಿರದ ಚಂದ್ರಮೋಹನ್ ಮನೆಗೆ ಹೋಗುವಾಗ ಕಲ್ಲಯ್ಯನವರ ಹೆಂಡತಿ ಅನ್ನಪೂರ್ಣವ್ವ ನನ್ನನ್ನೂ ಕರೆದುಕೊಂಡು ಹೋಗಿದ್ದರು. ಊಟವಾಯಿತು. ಅಭಯ್‌ನ ತಾಯಿ ವತ್ಸಲಾ ಅನ್ನಪೂರ್ಣವ್ವನಿಗೆ ಉಡಿ ತುಂಬತೊಡಗಿದರು. ಸೆರಗಿಗೆ ಅಕ್ಕಿ ಬೀಳುತ್ತಿರುವಾಗಲೇ ಚಂದ್ರಮೋಹನ್ ಕಲ್ಲಯ್ಯನವರ ಹೆಗಲ ಮೇಲೆ ಕೈಯಿಟ್ಟರು.

“ಬೀಗರೇ, ಮುಂದಿನ ಶನಿವಾರ ಇಲ್ಲೇ ನಮ್ಮ ಪಬ್ಲಿಕ್ ಮೀಟಿಂಗ್ ಇದೆ. ಎಂಪಿ ಬರ್ತಾರೆ. ಡೀಲರ್‌ಶಿಪ್ ಒಳಗಿರೋರೇ ಮಾತಾಡಿದ್ರೆ ಅದರ ತೂಕಾನೇ ಬೇರೆ. ನೀವು ಐದು ನಿಮಿಷ ಮಾತಾಡ್ಬಿಡಿ.”

ಹೆಣ್ಣಿನ ತಂದೆ, ಬೀಗರ ಮನೆ, ಹೆಂಡತಿಯ ಉಡಿಯಲ್ಲಿ ಅಕ್ಕಿ. ಆ ಹೊತ್ತಿನಲ್ಲಿ ಒಲ್ಲೆ ಎನ್ನಲು ನಮ್ಮವರಿಗೆ ನಾಲಿಗೆ ಏಳುವುದಿಲ್ಲ.

“ಆತು ಬಿಡ್ರಿ,” ಅಂದರು ಕಲ್ಲಯ್ಯ.

ವಿಮಾನ ನಿಲ್ದಾಣದ ದಾರಿಯಲ್ಲಿ ಹೇಮಲತಾ ಸಿಡಿದಳು. “ಅಪ್ಪಾ, ಯು ವಿಲ್ ಲೂಸ್ ಯುವರ್ ಜಾಬ್. ಜಸ್ಟ್ ಸೇ ನೋ!”

“ಬೀಗರ ಮಾತು ಹೆಂಗ ತಗದ ಹಾಕ್ಲೆವ್ವಾ? ನಾಳೆ ನೀ ಆ ಮನ್ಯಾಗ ಬಾಳೇವು ಮಾಡಾಕಿ.”

ದಾಕ್ಷಿಣ್ಯಕ್ಕೆ ಬಸಿರಾದರೆ ಹೆರಲು ಜಾಗವಿಲ್ಲ ಎಂದು ನಾನು ಮುಖಕ್ಕೆ ಹೊಡೆದಂತೆ ಹೇಳಿದೆ. ಕಲ್ಲಯ್ಯ ನಕ್ಕರು. ನಿನ್ನ ತಂದೆಗೆ ನೀನಾದರೂ ಹೇಳು ಎಂದು ಹೇಮಲತಾ ಅಭಯ್‌ಗೆ ಫೋನ್ ಮಾಡಿದಳು. ದೊಡ್ಡವರ ನಡುವೆ ತಾನು ಬರುವುದಿಲ್ಲ ಎಂದನಂತೆ.

ಕಲ್ಲಯ್ಯ ಹೋದರು, ಮಾತಾಡಿದರು. ಆ ವಿಡಿಯೋವನ್ನು ನಾನೂ ನೋಡಿದೆ. ಸುಮ್ಮನೆ ಏನೋ ತೊದಲಿದ್ದರೆ ಬಚಾವಾಗುತ್ತಿದ್ದರೇನೋ. ಆದರೆ ಅವರು ನಿಜ ಹೇಳಿಬಿಟ್ಟರು. “ನಮ್ಮಲ್ಲಿ ಜೋರು ಚೌಕಾಸಿ ಮಾಡುವವನಿಗೆ ಒಂದು ದರ, ಇಂಗ್ಲಿಷ್ ಬಾರದ ಮುದುಕಿಗೆ ಇನ್ನೊಂದು ದರ. ಹಾಗೆ ಮಾರಿದವರಲ್ಲಿ ನಾನೂ ಒಬ್ಬ,” ಎಂದು ತಮ್ಮ ಹರಕು ಇಂಗ್ಲಿಷಿನಲ್ಲಿ ಹೇಳಿದಾಗ ಸಭೆಯೆಲ್ಲ ಎದ್ದು ಚಪ್ಪಾಳೆ ತಟ್ಟಿತು. ಅಷ್ಟು ಚಪ್ಪಾಳೆ ಆ ಮನುಷ್ಯ ಜನ್ಮದಲ್ಲಿ ಕೇಳಿರಲಿಲ್ಲ.

ಸೋಮವಾರ ಡೀಲರ್‌ಶಿಪ್‌ನ ಮಾಲೀಕ ಅವರನ್ನು ಒಳಗೆ ಕರೆದ. ಹುಷಾರಿಲ್ಲ ಎಂದು ಮನೆಯಲ್ಲೇ ಇರಬಹುದಿತ್ತಲ್ಲ ಎಂದು ಬೇಸರದಿಂದಲೇ ಕೇಳಿ, ಶೋರೂಮಿನ ಕೀಲಿಕೈ ವಾಪಸು ತೆಗೆದುಕೊಂಡ. ಬೇರೆ ಡೀಲರುಗಳೂ ಆ ವಿಡಿಯೋ ನೋಡಿದ್ದರು. ಇನ್ನು ಕಲ್ಲಯ್ಯ ಯಾರ ಪರ ಮಾತಾಡಿದ್ದರೋ ಆ ಕಂಪನಿಗಳಿಗೆ ಮಾರುವವರೇ ಬೇಕಿರಲಿಲ್ಲ. ಜನ ಮೊಬೈಲಿನಲ್ಲೇ ಕಾರು ಬುಕ್ ಮಾಡುತ್ತಿದ್ದರು. “ನಿಮ್ಮ ತ್ಯಾಗ ದೊಡ್ಡದು ಬೀಗರೇ, ವಿಡಿಯೋ ಕ್ಯಾನ್‌ಬೆರಾ ತನಕ ಹೋಗಿದೆ,” ಎಂದು ಚಂದ್ರಮೋಹನ್ ಫೋನಿನಲ್ಲಿ ಹೇಳಿದರು. ಕೆಲಸ ಏನಾಯಿತು ಎಂದು ಕೇಳಲಿಲ್ಲ.

ಐವತ್ತೆಂಟರ ವಯಸ್ಸಿನಲ್ಲಿ ಕಲ್ಲಯ್ಯ ಒಂದು ವೇರ್‌ಹೌಸಿನಲ್ಲಿ ಪೆಟ್ಟಿಗೆ ಹೊರಲು ಸೇರಿದರು. ಸೊಂಟ ಹಿಡಿದುಕೊಂಡಿತು. ಒಂದು ಸಂಜೆ ಅನ್ನಪೂರ್ಣವ್ವ ಅವರ ಬೂಟು ಬಿಚ್ಚಿಕೊಡುತ್ತಿದ್ದುದನ್ನು ಹೇಮಲತಾ ಬಾಗಿಲಲ್ಲಿ ನಿಂತು ನೋಡಿದಳು. ನಾನು ಅಲ್ಲೇ ಇದ್ದೆ. ಅವಳು ಹಿತ್ತಲಿಗೆ ಹೋಗಿ ಅಭಯ್‌ಗೆ ಫೋನ್ ಮಾಡಿ ಬಂದಳು.

“ಇಟ್ಸ್ ಓವರ್,” ಅಂದಳು. “ನಮ್ಮಪ್ಪನ ಪರವಾಗಿ ಒಂದು ಮಾತಾಡದವನ ಜೊತೆ ನಾನು ಹೇಗೆ ಇರಲಿ?”

ಅನ್ನಪೂರ್ಣವ್ವ ಅಳತೊಡಗಿದರು. ನನಗೆ ಮಾತ್ರ ಹುಡುಗಿಯ ಬೆನ್ನು ತಟ್ಟಬೇಕೆನಿಸಿತು. ಈ ಮನೆಯಲ್ಲಿ ಒಬ್ಬರಿಗಾದರೂ ಬೆನ್ನೆಲುಬಿದೆ ಎಂದುಕೊಂಡೆ. ಅಷ್ಟರಲ್ಲಿ ಕಲ್ಲಯ್ಯ ಒಂದೇ ಬೂಟಿನಲ್ಲಿ ಕುಂಟುತ್ತಾ ಹೋಗಿ ಫೋನ್ ಎತ್ತಿಕೊಂಡರು.

“ತಪ್ಪಾತ್ರಿ ಬೀಗರ. ಹುಡುಗಿಗಿ ತಿಳುವಳಿಕಿ ಕಡಿಮಿ. ನನ್ನ ಮಾರಿ ನೋಡಿ ಹೊಟ್ಟ್ಯಾಗ ಹಾಕ್ಕೊಳ್ರಿ.” ಚಂದ್ರಮೋಹನ್ ಎದುರಿಗೇ ಇದ್ದಾರೆಂಬಂತೆ ಅವರ ತಲೆ ಬಾಗಿತ್ತು. ಆ ಕಡೆಯ ಮಾತು ನಮಗೆ ಕೇಳಿಸಲಿಲ್ಲ. ಫೋನ್ ಕೆಳಗಿಟ್ಟು ಅವರು ಮಗಳ ಕಡೆ ತಿರುಗಿದರು. ಕೆಲಸ ಹೋದಂದಿನಿಂದ ಅವರ ಮುಖದಲ್ಲಿ ನಾನು ಕಾಣದಿದ್ದ ನೆಮ್ಮದಿ ಆಗ ಕಂಡಿತು.

“ಅವರು ಸಿಟ್ಟಾಗಿಲ್ಲವ್ವಾ,” ಅಂದರು.

ಹೇಮಲತಾ ತಂದೆಯನ್ನೇ ನೋಡುತ್ತಾ ನಿಂತಳು. ಆಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು.