ಪೂಜೆಗೆ ಇಡದ ಸ್ಪ್ಯಾನರ್

ಆಯುಧಪೂಜೆಯ ಬೆಳಗಿನ ಜಾವ. ದೇವರಾಜ ಮೊಹಲ್ಲಾದ ಗ್ಯಾರೇಜಿನಲ್ಲಿ ಏಕಾಂತಯ್ಯನವರು ಸೀಮೆಎಣ್ಣೆ ತುಂಬಿದ ತಗಡಿನ ತಟ್ಟೆಯ ಮುಂದೆ ಕೂತು ಸಾಮಾನುಗಳನ್ನು ಒಂದೊಂದಾಗಿ ತೊಳೆಯುತ್ತಿದ್ದಾರೆ. ತೊಳೆದದ್ದನ್ನು ಹಳೆಯ ಪಂಚೆಯಲ್ಲಿ ಒರೆಸಿ ಚಾಮುಂಡೇಶ್ವರಿಯ ಪಟದ ಮುಂದೆ ಜೋಡಿಸುತ್ತಾರೆ. ಹೆಂಡತಿ ಶಾಂತಾದೇವಿ ಹಿಂದೆಯೇ ಕುಂಕುಮ ಇಡುತ್ತಾ ಬರುತ್ತಾರೆ. ಒಂದು ಸಣ್ಣ ಸ್ಪ್ಯಾನರ್ ಮಾತ್ರ ಏಕಾಂತಯ್ಯನವರ ಜೇಬಿನಲ್ಲೇ ಉಳಿಯುತ್ತದೆ. ಅದನ್ನು ಶಾಂತಾದೇವಿ ಕೇಳುವುದಿಲ್ಲ.

ನಂಜನಗೂಡಿನ ಕಡೆಯ ರೈತರ ಮನೆಯಿಂದ ಬಂದವರು ಏಕಾಂತಯ್ಯನವರು. ಬಸ್ ಷೆಡ್ಡೊಂದರಲ್ಲಿ ಬಸ್ಸು ತೊಳೆಯುತ್ತಲೇ ಕೆಲಸ ಕಲಿತರು. ಎಡಗೈಯ ಕಿರುಬೆರಳನ್ನು ಅಲ್ಲಿನ ಫ್ಯಾನ್ ಬೆಲ್ಟಿಗೆ ಕೊಟ್ಟರು. ಸ್ವಾತಂತ್ರ್ಯ ಬಂದ ವರ್ಷ ಈ ಗ್ಯಾರೇಜು ತೆರೆದರು. ಈಗ ದಿನಕ್ಕೆ ನಾಲ್ಕೈದು ಗಾಡಿ, ಹದಿಮೂರು ಗಂಟೆ ದುಡಿಮೆ. ಬನ್ನಿಮಂಟಪದ ಹತ್ತಿರ ತಾರಸಿ ಮನೆ ಎದ್ದಿದೆ, ಮಗಳು ಪ್ರೇಮಲೀಲಾ ಬಿ.ಎಸ್ಸಿ. ಓದುತ್ತಿದ್ದಾಳೆ. ಮರದ ಕೋಲಿನ ಒಂದು ತುದಿಯನ್ನು ಎಂಜಿನ್ನಿಗೂ ಇನ್ನೊಂದನ್ನು ಕಿವಿಗೂ ಹಚ್ಚಿ ರೋಗ ಹೇಳುವುದು ಇವರ ಕ್ರಮ.

"ಎಂಜಿನ್ ಪಿಸುಗುಟ್ಟಿದ್ರೂ ಕೇಳ್ಸುತ್ತೆ, ನಾನು ಅಕ್ಕಿ ಮುಗೀತು ಅಂತ ಕೂಗಿದ್ರೆ ಕೇಳ್ಸಲ್ಲ," ಎಂದು ಶಾಂತಾದೇವಿ ನಗುತ್ತಾರೆ.

ಏಕಾಂತಯ್ಯನವರು ನಗುವುದಿಲ್ಲ. ಸ್ವಲ್ಪ ಹೊತ್ತಿನ ಮೇಲೆ, ಹೆಂಡತಿ ಹೂವು ತರಲು ಹೋದಾಗ, ಅವರ ಕೆಲಸ ನೋಡಿ ಬರೆಯಲೆಂದು ಬಂದು ಪಕ್ಕದಲ್ಲಿ ಕೂತ ನನಗೆ ತಾವಾಗಿಯೇ ಹೇಳುತ್ತಾರೆ.

ಏಳು ವರ್ಷದ ಹಿಂದೆ, ಇದೇ ದಿನ. ಪೂಜೆ ಆಗಿತ್ತು. ವರುಣದ ಅಕ್ಕಿ ಗಿರಣಿಯ ಸದಾಶಿವಯ್ಯನವರು ತುಂಬಿದ ಬಸುರಿ ಹೆಂಡತಿ ಭಾಗ್ಯಮ್ಮನವರನ್ನು ಆಸ್ಪತ್ರೆಗೆ ಕರೆದೊಯ್ಯುತ್ತಿದ್ದ ಆಸ್ಟಿನ್ ಕಾರು ಈ ಬೀದಿಯಲ್ಲೇ ನಿಂತುಹೋಯಿತು. ಅವರು ಓಡಿ ಬಂದು ಕೈಮುಗಿದರು. ಪೂಜೆಗಿಟ್ಟ ಸಾಮಾನನ್ನು ಮಾರನೆಯ ದಿನದವರೆಗೆ ಎತ್ತುವಂತಿಲ್ಲ.

"ನಾಳೆ ಬನ್ನಿ ಸ್ವಾಮಿ ಅಂದ್ಬುಟ್ಟೆ. ಹೆಂಡ್ತಿಗೆ ನೋವು ಬಂದೈತೆ ಅಂದ್ರು. ಕೇಳ್ಸಲಿಲ್ಲ ಅಂತ ಸುಳ್ಳು ಹೇಳಲ್ಲ. ಕೇಳ್ಸಿತ್ತು."

ಜಟಕಾದವರೂ ಕುದುರೆ ಬಿಚ್ಚಿ ಗಾಡಿಗಳನ್ನು ಪೂಜೆಗೆ ನಿಲ್ಲಿಸಿದ್ದರು. ಸದಾಶಿವಯ್ಯನವರು ದಾರಿಹೋಕರ ಜೊತೆ ಕಾರನ್ನು ತಳ್ಳಿಕೊಂಡೇ ಆಸ್ಪತ್ರೆ ಮುಟ್ಟಿಸಿದರು. ತಾಯಿ ಉಳಿದರು. ಮಗು ಉಳಿಯಲಿಲ್ಲ.

ಮೂರನೆಯ ದಿನ ಕಾರು ಇದೇ ಗ್ಯಾರೇಜಿಗೆ ಬಂತು. "ಪೆಟ್ರೋಲ್ ಪೈಪಲ್ಲಿ ಕಸ ಸಿಕ್ಕೊಂಡಿತ್ತು. ಈ ಒಂದು ಸ್ಪ್ಯಾನರ್ ಸಾಕಾಗಿತ್ತು. ಐದು ನಿಮಿಷದ ಕೆಲಸ ಕಣ್ರೀ."

ಅಂದಿನಿಂದ ಸದಾಶಿವಯ್ಯನವರು ಬೇರೆ ಗ್ಯಾರೇಜಿಗೆ ಹೋಗಿಲ್ಲ. ಆ ದಿನದ ಮಾತನ್ನೂ ಎತ್ತಿಲ್ಲ. "ಒಂದ್ಸಲ ಬೈದಿದ್ರೆ ನಾನು ಹಗುರ ಆಗ್ತಿದ್ದೆ. ಚೆನ್ನಾಗಿದ್ದೀರಾ ಅಂತಾರೆ, ದುಡ್ಡು ಕೊಡ್ತಾರೆ, ಹೋಗ್ತಾರೆ." ಬೈಗುಳಕ್ಕಾಗಿ ಇಷ್ಟು ವರ್ಷ ಕಾದವರನ್ನು ನಾನು ನೋಡಿರಲಿಲ್ಲ.

ಎಂಟು ಗಂಟೆಗೆ ಅದೇ ಆಸ್ಟಿನ್ ಬರುತ್ತದೆ. ಚೆಂಡುಹೂವಿನ ಹಾರ ಹಾಕುವ ಮೊದಲು ಅದನ್ನು ಇಲ್ಲಿ ನಿಲ್ಲಿಸುವುದು ಪ್ರತಿ ವರ್ಷದ ರೂಢಿ. ಏಕಾಂತಯ್ಯನವರು ಜೇಬಿನಿಂದ ಸ್ಪ್ಯಾನರ್ ತೆಗೆದು ಪೆಟ್ರೋಲ್ ಪೈಪು ಬಿಚ್ಚುತ್ತಾರೆ, ಊದುತ್ತಾರೆ, ಮತ್ತೆ ಬಿಗಿಯುತ್ತಾರೆ. ಸದಾಶಿವಯ್ಯನವರು ಪಕ್ಕದಲ್ಲೇ ನಿಂತಿರುತ್ತಾರೆ.

"ಕಸ ಏನಾದ್ರೂ ಐತಾ?"

"ಇಲ್ಲ ಸ್ವಾಮಿ. ಚೊಕ್ಕಟವಾಗೈತೆ."

ಅಷ್ಟೇ ಮಾತು. ಕಾರು ತಿರುವಿನಲ್ಲಿ ಮರೆಯಾಗುವವರೆಗೂ ಏಕಾಂತಯ್ಯನವರು ತಲೆ ಓರೆ ಮಾಡಿ ಅದರ ಸದ್ದು ಕೇಳುತ್ತಾರೆ. ಆಚೆ ಬೀದಿಯ ಗ್ಯಾರೇಜುಗಳು ಒಂದೊಂದಾಗಿ ಬಾಗಿಲು ಹಾಕುತ್ತಿವೆ. ಇವರು ಹೊಸ್ತಿಲ ಬಳಿ ಸ್ಟೂಲು ಎಳೆದು ಕೂರುತ್ತಾರೆ.

"ಇವತ್ತು ಯಾರ ಗಾಡೀನೂ ಕೆಡದೆ ಇದ್ರೆ ಒಳ್ಳೇದೇ," ಎನ್ನುತ್ತಾರೆ, ಸ್ಪ್ಯಾನರನ್ನು ಅಂಗಿಗೆ ಒರೆಸುತ್ತಾ. "ಕೆಟ್ಟು ಬಂದ್ರೆ, ಕತ್ತಲಾಗೋವರ್ಗೂ ನಾನಿಲ್ಲೇ ಇರ್ತೀನಿ."